ನೋವಿನ ಹೊತ್ತಿನಲ್ಲಿ ಸಂಗೀತ: ಓದುಗರ ಪ್ರಶ್ನೆಗಳಿಗೆ ಉತ್ತರ

ಸಂಗೀತ ಮತ್ತು ಆರೋಗ್ಯದ ವಿಷಯವಾಗಿ ಈ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ನೋವನ್ನು ಕುರಿತವು. ಶಸ್ತ್ರಚಿಕಿತ್ಸೆಯ ಅನಂತರದ ನೋವು, ತಲೆನೋವು, ಕ್ಯಾನ್ಸರ್‌ನ ನೋವು, ಮಾತು ಕಳೆದುಕೊಂಡವರ ಸಂಕಟ, ಹೀಗೆ ಒಂದೊಂದು ಪತ್ರದ ಹಿಂದೆಯೂ ಒಂದೊಂದು ಮನೆಯಿದೆ. ಅರಿವಳಿಕೆ ವೈದ್ಯೆಯಾಗಿ ಹಲವು ವರ್ಷ ಶಸ್ತ್ರಚಿಕಿತ್ಸಾ ಕೊಠಡಿಯಲ್ಲೂ ನೋವು ನಿವಾರಣಾ ವಿಭಾಗದಲ್ಲೂ ಕೆಲಸ ಮಾಡಿದವಳು ನಾನು. ಚಿಕ್ಕಂದಿನಿಂದ ಕರ್ನಾಟಕ ಸಂಗೀತವನ್ನು ಕಲಿತಿದ್ದೇನೆ. ಎರಡರ ಮೇಲೂ ಪ್ರೀತಿಯಿರುವುದರಿಂದಲೇ ಒಂದರ ಹೆಸರಿನಲ್ಲಿ ಇನ್ನೊಂದರ ಬಗ್ಗೆ ಇಲ್ಲದ್ದನ್ನು ಹೇಳಬಾರದೆಂಬ ಎಚ್ಚರದಿಂದ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಮುಂದಿನ ತಿಂಗಳು ಅವರ ಎಡ ಮಂಡಿಯ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಆಪರೇಷನ್ನಿಗಿಂತ ಆಮೇಲಿನ ನೋವಿಗೇ ಅವರು ಹೆಚ್ಚು ಹೆದರಿದ್ದಾರೆ. ಸಂಗೀತ ಕೇಳಿದರೆ ನೋವು ಕಡಿಮೆಯಾಗುತ್ತದೆ ಎನ್ನುವುದು ನಿಜವೇ? ನಿಜವಾದರೆ ಯಾವಾಗ, ಹೇಗೆ ಕೇಳಿಸಬೇಕು?
— ನಿವೃತ್ತ ಶಿಕ್ಷಕಿ, ಸಾಗರ

ಉತ್ತರ: ನಿಜ, ಆದರೆ ಅದಕ್ಕೊಂದು ಅಳತೆಯಿದೆ. ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ 2015ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ 73 ಪ್ರಯೋಗಗಳ, ಸುಮಾರು 7,000 ರೋಗಿಗಳ ವಿವರಗಳನ್ನು ಒಟ್ಟಿಗೆ ಪರಿಶೀಲಿಸಲಾಗಿತ್ತು. ಶಸ್ತ್ರಚಿಕಿತ್ಸೆಗೆ ಮೊದಲೋ, ನಡೆಯುವಾಗಲೋ, ಮುಗಿದ ಮೇಲೋ ಸಂಗೀತ ಕೇಳಿದವರಲ್ಲಿ ನೋವು ಮತ್ತು ಆತಂಕ ಎರಡೂ ಕಡಿಮೆಯಿದ್ದವು. ಅವರು ತೆಗೆದುಕೊಂಡ ನೋವು ನಿವಾರಕಗಳ ಪ್ರಮಾಣವೂ ಕಡಿಮೆಯಾಗಿತ್ತು. ಪೂರ್ಣ ಅರಿವಳಿಕೆಯಲ್ಲಿದ್ದವರಿಗೂ ಒಂದಿಷ್ಟು ಪ್ರಯೋಜನ ಕಂಡಿತ್ತು, ಎಚ್ಚರವಿದ್ದವರಿಗೆ ಅದಕ್ಕಿಂತ ಹೆಚ್ಚು. ಆದರೆ ಆಸ್ಪತ್ರೆಯಲ್ಲಿ ಉಳಿಯಬೇಕಾದ ದಿನಗಳ ಸಂಖ್ಯೆ ಮಾತ್ರ ಬದಲಾಗಲಿಲ್ಲ. ಅಂದರೆ ಸಂಗೀತವು ಗಾಯವನ್ನು ಬೇಗ ಮಾಯಿಸಲಿಲ್ಲ, ಗಾಯ ಮಾಯುವ ದಿನಗಳನ್ನು ಕಳೆಯುವುದನ್ನು ಸುಲಭಗೊಳಿಸಿತು. ನಿಮ್ಮ ತಾಯಿಯವರ ಭಯ ಇರುವುದು ಆ ದಿನಗಳ ಬಗ್ಗೆಯೇ ಆದ್ದರಿಂದ ಅವರ ಮಟ್ಟಿಗೆ ಇದು ಸಣ್ಣ ಮಾತಲ್ಲ.

ಈ ಆಲೋಚನೆ ಹೊಸದೂ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇವಾನ್ ಕೇನ್ ಎಂಬ ಶಸ್ತ್ರವೈದ್ಯರು ರೋಗಿಗಳ ದಿಗಿಲನ್ನು ಕಳೆಯುವುದಕ್ಕಾಗಿ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಗ್ರಾಮಫೋನ್ ಇಟ್ಟು, ಆ ಅನುಭವವನ್ನು 1914ರಲ್ಲೇ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದಿದ್ದರು.

ಹೀಗೇಕಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಹೇಗೆ ಕೇಳಿಸಬೇಕೆಂಬುದೂ ತಾನಾಗಿ ಹೊಳೆಯುತ್ತದೆ. ಗಾಯವಾದ ಜಾಗದಿಂದ ಹೊರಟ ಸುದ್ದಿ ತಂತಿಯಲ್ಲಿ ಹರಿದಂತೆ ನೇರವಾಗಿ ಮಿದುಳನ್ನು ಮುಟ್ಟಿ ನೋವಾಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಬೆನ್ನುಹುರಿಯಲ್ಲಿ ಒಂದು ಬಗೆಯ ಬಾಗಿಲಿದೆ, ಅದು ಕೆಲವೊಮ್ಮೆ ಅಗಲವಾಗಿ ತೆರೆದುಕೊಳ್ಳುತ್ತದೆ, ಕೆಲವೊಮ್ಮೆ ಅರ್ಧ ಮುಚ್ಚಿಕೊಳ್ಳುತ್ತದೆ ಎಂಬ ವಿವರಣೆಯನ್ನು ಮುಂದಿಟ್ಟರು. ಮಗು ಬಿದ್ದು ಮಂಡಿ ಪೆಟ್ಟಾದಾಗ ತಾಯಿ ಆ ಜಾಗವನ್ನು ಉಜ್ಜಿ, ಉಫ್ ಎಂದು ಊದುತ್ತಾಳಲ್ಲ, ಆ ಉಜ್ಜುವಿಕೆಯ ಸ್ಪರ್ಶ ಬಾಗಿಲನ್ನು ಕೆಳಗಿನಿಂದ ಮುಚ್ಚುತ್ತದೆ. ಅವಳು ಹತ್ತಿರವಿದ್ದಾಳೆಂಬ ಧೈರ್ಯ ಮೇಲಿನಿಂದ, ಅಂದರೆ ಮಿದುಳಿನ ಕಡೆಯಿಂದ ಮುಚ್ಚುತ್ತದೆ. ಸಂಗೀತ ಕೆಲಸ ಮಾಡುವುದು ಮುಖ್ಯವಾಗಿ ಈ ಎರಡನೆಯ ದಾರಿಯಲ್ಲಿ. ಗಮನ ಎಲ್ಲಿದೆ, ಭಯ ಎಷ್ಟಿದೆ, ಮುಂದೇನಾಗುತ್ತದೆಂಬ ನಿರೀಕ್ಷೆ ಹೇಗಿದೆ ಎಂಬುದೆಲ್ಲವೂ ನೋವಿನ ತೀವ್ರತೆಯನ್ನು ಹೆಚ್ಚು ಕಡಿಮೆ ಮಾಡುತ್ತವೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯಲ್ಲಿಯೂ ನೋವನ್ನು ಇಂದ್ರಿಯದ ಅನುಭವ ಮತ್ತು ಭಾವದ ಅನುಭವ ಎರಡೂ ಎಂದೇ ಹೇಳಿದೆ. ಮೆಚ್ಚಿನ ಸಂಗೀತವನ್ನು ಕೇಳುವಾಗ ಮಿದುಳಿನಲ್ಲಿ ಸುಖದ ಅನುಭವಕ್ಕೆ ಸಂಬಂಧಿಸಿದ ಡೋಪಮೀನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆಂದು, ರೋಮಾಂಚನದ ಕ್ಷಣದಲ್ಲಿ ಮಾತ್ರವಲ್ಲದೆ ಆ ಕ್ಷಣ ಬರಲಿದೆ ಎಂದು ಕಾಯುವಾಗಲೂ ಆಗುತ್ತದೆಂದು ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು 2011ರಲ್ಲಿ ತೋರಿಸಿದರು. ಪಲ್ಲವಿಯ ಯಾವ ಸಂಗತಿಯ (ಒಂದೇ ಸಾಲನ್ನು ಬದಲಿಸಿ ಹಾಡುವ ಬಗೆಯ) ಮುಂದೆ ಯಾವುದು ಬರುತ್ತದೆ ಎಂದು ತಿಳಿದಿರುವವರಿಗೆ ಸಿಗುವ ಸುಖ ಅದು.

ಆದ್ದರಿಂದ ಹಾಡುಗಳನ್ನು ನೀವು ಆರಿಸಬೇಡಿ, ಅವರೇ ಆರಿಸಲಿ. ಈಗಲೇ ಕುಳಿತು ಒಂದು ಗಂಟೆಯಷ್ಟು ಹಾಡುಗಳನ್ನು ಮೊಬೈಲಿನಲ್ಲಿ ಸೇರಿಸಿಕೊಳ್ಳಿ. ದೇವರನಾಮವೋ, ಹಳೆಯ ಚಿತ್ರಗೀತೆಯೋ, ಯಕ್ಷಗಾನದ ಪದವೋ, ಅದು ಅವರ ಇಷ್ಟ. ಶಸ್ತ್ರಚಿಕಿತ್ಸೆಗೆ ಒಂದು ವಾರ ಮೊದಲಿನಿಂದ ಪ್ರತಿದಿನ ಮಲಗುವ ಮುನ್ನ ಅವನ್ನು ಕೇಳುವ ಅಭ್ಯಾಸವಾಗಲಿ, ಆಗ ಆಸ್ಪತ್ರೆಯ ಅಪರಿಚಿತ ಕೋಣೆಯಲ್ಲಿ ಅದೊಂದಾದರೂ ಮನೆಯದಾಗಿರುತ್ತದೆ. ಕೊಠಡಿಯೊಳಗೆ ಇಯರ್‌ಫೋನ್ ಬಳಸಬಹುದೇ ಎಂದು ಅರಿವಳಿಕೆ ವೈದ್ಯರನ್ನು ಮೊದಲೇ ಕೇಳಿ. ಈ ಶಸ್ತ್ರಚಿಕಿತ್ಸೆಯನ್ನು ಅನೇಕ ಬಾರಿ ಬೆನ್ನಿಗೆ ಚುಚ್ಚುಮದ್ದು ಕೊಟ್ಟು, ರೋಗಿ ಎಚ್ಚರವಿರುವಾಗಲೇ ಮಾಡುತ್ತಾರೆ. ಆಗ ಉಪಕರಣಗಳ ಸದ್ದು ಕೇಳಿಸದಿರುವುದೇ ದೊಡ್ಡ ಉಪಕಾರ. ಒಂದು ಕಿವಿಯನ್ನು ತೆರೆದಿಟ್ಟರೆ ವೈದ್ಯರ ಮಾತೂ ಕೇಳಿಸುತ್ತದೆ. ಮರುದಿನದಿಂದ ಮಂಡಿ ಮಡಿಸುವ ವ್ಯಾಯಾಮ ಆರಂಭವಾದಾಗ ನೋವು ಹೆಚ್ಚಿರುತ್ತದೆ. ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲೇ ಸಂಗೀತ ಆರಂಭಿಸಿ, ಮೊದಲೊಮ್ಮೆ ಮತ್ತು ಆಮೇಲೊಮ್ಮೆ ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ನೋವೆಷ್ಟಿದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಯಾವ ಹಾಡು ನೆರವಾಯಿತೆಂಬುದು ಆ ಕಾಗದದಲ್ಲೇ ತಿಳಿಯುತ್ತದೆ. ನೋವಿನ ಮಾತ್ರೆಯನ್ನು ಮಾತ್ರ ಹೇಳಿದ ಹೊತ್ತಿಗೆ ತಪ್ಪದೆ ಕೊಡಿ. ನೋವು ದಿನದಿಂದ ದಿನಕ್ಕೆ ಏರುತ್ತಿದ್ದರೆ, ಮೀನಖಂಡ ಊದಿಕೊಂಡು ಬಿಗಿದರೆ, ಜ್ವರ ಬಂದರೆ, ಉಸಿರು ಕಟ್ಟಿದರೆ ಹಾಡು ನಿಲ್ಲಿಸಿ ತಕ್ಷಣ ವೈದ್ಯರನ್ನು ಕಾಣಿ.

ಪ್ರಶ್ನೆ: ರಕ್ತದೊತ್ತಡಕ್ಕೆ ಆನಂದಭೈರವಿ, ನಿದ್ರೆಗೆ ನೀಲಾಂಬರಿ, ತಲೆನೋವಿಗೆ ಮತ್ತೊಂದು ರಾಗ ಎಂಬಂಥ ಪಟ್ಟಿಯೊಂದು ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುತ್ತಿದೆ. 432 ಹರ್ಟ್ಸ್ ಶ್ರುತಿಯಲ್ಲಿ ಹಾಡಿದರೆ ಮಾತ್ರ ಫಲವಂತೆ. ನಾನು ಸಂಗೀತ ಕಲಿಯುತ್ತಿದ್ದೇನೆ. ಇದರಲ್ಲಿ ಎಷ್ಟನ್ನು ನಂಬಬಹುದು?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ನಮ್ಮ ಪರಂಪರೆಯ ಒಂದು ಕತೆಯಿಂದಲೇ ಆರಂಭಿಸುತ್ತೇನೆ. ಮುತ್ತುಸ್ವಾಮಿ ದೀಕ್ಷಿತರ ಶಿಷ್ಯ ತಂಬಿಯಪ್ಪ ಎಂಬವರಿಗೆ ತಾಳಲಾರದ ಹೊಟ್ಟೆನೋವಿತ್ತು, ಅದಕ್ಕೆ ಗುರುಗ್ರಹದ ದೋಷ ಕಾರಣವೆಂದು ಕಂಡ ದೀಕ್ಷಿತರು ಅಠಾಣ ರಾಗದಲ್ಲಿ ಬೃಹಸ್ಪತಿಯ ಮೇಲೆ ಕೃತಿ ರಚಿಸಿ ಶಿಷ್ಯನಿಗೆ ಕಲಿಸಿದರು, ಅದನ್ನು ಹಾಡುತ್ತ ಹಾಡುತ್ತ ನೋವು ಹೋಯಿತು ಎಂಬುದು ಸಂಪ್ರದಾಯದಲ್ಲಿ ಬಂದಿರುವ ಮಾತು. ಈ ಕತೆಯನ್ನು ಹೇಳುವವರು ‘ಹೊಟ್ಟೆನೋವಿಗೆ ಅಠಾಣ’ ಎಂದು ಬರೆದುಕೊಂಡುಬಿಡುತ್ತಾರೆ. ನನಗೆ ಅದರಲ್ಲಿ ಕಾಣುವುದು ಬೇರೆ: ಗುರು ಶಿಷ್ಯನ ನೋವನ್ನು ತನ್ನದೆಂದು ತಿಳಿದರು, ಅವನಿಗಾಗಿಯೇ ಹೊಸತೊಂದನ್ನು ಕಟ್ಟಿದರು, ಎದುರು ಕೂರಿಸಿಕೊಂಡು ಪಾಠ ಹೇಳಿದರು, ಅವನು ಸುಮ್ಮನೆ ಕೇಳದೆ ಬಾಯಿಬಿಟ್ಟು ಹಾಡಿದ. ಅಷ್ಟನ್ನೂ ಬಿಟ್ಟು ರಾಗದ ಹೆಸರೊಂದನ್ನೇ ಇಟ್ಟುಕೊಂಡರೆ ಉಳಿಯುವುದೇನು?

ರಾಗ ಎನ್ನುವುದು ಒಂದೇ ತೂಕದ ಮಾತ್ರೆಯಲ್ಲ ಎಂಬುದು ಕಲಿಯುತ್ತಿರುವ ನಿಮಗೇ ಗೊತ್ತು. ಅದೇ ಕಲ್ಯಾಣಿ ವಿಳಂಬ ಕಾಲದ ಆಲಾಪನೆಯಲ್ಲಿ ಒಂದು ಬಗೆ, ದ್ರುತ ಕಾಲದ ಸ್ವರಪ್ರಸ್ತಾರದಲ್ಲಿ ಮತ್ತೊಂದು ಬಗೆ. ಇಟಲಿಯ ಸಂಶೋಧಕರು 2006ರಲ್ಲಿ 24 ಮಂದಿಗೆ ಆರು ಶೈಲಿಗಳ ಸಂಗೀತವನ್ನು ಕೇಳಿಸಿ ಉಸಿರಾಟ, ಹೃದಯಬಡಿತ, ರಕ್ತದೊತ್ತಡಗಳನ್ನು ಅಳೆದರು. ಆ ಆರರಲ್ಲಿ ಭಾರತೀಯ ರಾಗಸಂಗೀತವೂ ಒಂದಾಗಿತ್ತು. ದೇಹ ಸ್ಪಂದಿಸಿದ್ದು ಮುಖ್ಯವಾಗಿ ಲಯದ ವೇಗಕ್ಕೆ; ಶೈಲಿ ಯಾವುದೆಂಬುದು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. ವೇಗ ಹೆಚ್ಚಿದಂತೆ ಮೂರೂ ಏರಿದವು. ಎಲ್ಲಕ್ಕಿಂತ ಕುತೂಹಲದ ವಿಷಯವೆಂದರೆ ನಡುವೆ ಎರಡು ನಿಮಿಷ ಸಂಗೀತವನ್ನು ನಿಲ್ಲಿಸಿದಾಗ ಅವು ಆರಂಭದಲ್ಲಿದ್ದುದಕ್ಕಿಂತಲೂ ಕೆಳಗಿಳಿದವು. ನೀಲಾಂಬರಿ ನಿದ್ರೆ ತರುತ್ತದೆ ಎಂಬ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳುವುದಿಲ್ಲ. ಜೋಗುಳಗಳನ್ನು ಆ ರಾಗದಲ್ಲಿ, ನಿಧಾನವಾಗಿ, ಮೆಲುದನಿಯಲ್ಲಿ, ತೊಟ್ಟಿಲ ತೂಗಿಗೆ ಹೊಂದಿಸಿ ಹಾಡಿಕೊಂಡು ಬಂದ ಮನೆಗಳಲ್ಲಿ ಬೆಳೆದವರಿಗೆ ಅದು ನಿದ್ರೆಯ ಸ್ವರವೇ ಆಗಿರುತ್ತದೆ. ಆ ರಾಗವನ್ನೇ ಕೇಳದೆ ತತ್ವಪದದ ಏಕತಾರಿಯ ನಾದದಲ್ಲಿ ಬೆಳೆದವರಿಗೆ ಆ ಏಕತಾರಿಯೇ ನೀಲಾಂಬರಿ.

ನೋವಿನ ವಿಷಯದಲ್ಲಂತೂ ಈ ಒಡನಾಟದ ಬಲ ಸ್ಪಷ್ಟವಾಗಿ ಕಂಡಿದೆ. ಸ್ಕಾಟ್ಲೆಂಡಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜನರು ತಣ್ಣಗೆ ಕೊರೆಯುವ ನೀರಿನಲ್ಲಿ ಕೈಯಿಟ್ಟು ಎಷ್ಟು ಹೊತ್ತು ತಾಳುತ್ತಾರೆಂದು ನೋಡಲಾಯಿತು. ಮನಸ್ಸನ್ನು ಶಾಂತಗೊಳಿಸುತ್ತದೆಂದು ಸಂಶೋಧಕರು ಆರಿಸಿದ ಸಂಗೀತಕ್ಕಿಂತ ತಮಗೆ ಇಷ್ಟವೆಂದು ತಾವೇ ತಂದುಕೊಂಡ ಸಂಗೀತವನ್ನು ಕೇಳುತ್ತಿದ್ದಾಗ ಅವರು ಹೆಚ್ಚು ಹೊತ್ತು ತಾಳಿದರು, ನೋವು ತಮ್ಮ ಹತೋಟಿಯಲ್ಲಿದೆ ಎಂಬ ಭಾವವೂ ಅವರಲ್ಲಿ ಹೆಚ್ಚಿತ್ತು. ನನ್ನ ದೃಷ್ಟಿಯಲ್ಲಿ ‘ಹತೋಟಿ’ ಎಂಬ ಆ ಪದವೇ ಮುಖ್ಯವಾದುದು. ರೋಗಿಯ ಕೈಯಿಂದ ಎಲ್ಲವೂ ಜಾರಿಹೋಗಿರುವ ಹೊತ್ತಿನಲ್ಲಿ ಯಾವ ಹಾಡು ಎಂಬುದೊಂದು ಅವರ ಆಯ್ಕೆಯಾಗಿ ಉಳಿದಿರುತ್ತದೆ. ಪಟ್ಟಿ ಹಿಡಿದು ರಾಗವನ್ನು ಹೇರಿದರೆ ಅದನ್ನೂ ಕಸಿದುಕೊಂಡಂತೆ.

ಇನ್ನು 432ರ ಮಾತು. ನಮ್ಮ ಸಂಗೀತದಲ್ಲಿ ಷಡ್ಜಕ್ಕೆ, ಅಂದರೆ ಆಧಾರಸ್ವರವಾದ ‘ಸ’ಕ್ಕೆ, ನಿಗದಿಯಾದ ಕಂಪನಸಂಖ್ಯೆಯೇ ಇಲ್ಲ. ಹಾರ್ಮೋನಿಯಂನ ಮನೆಗಳ ಲೆಕ್ಕದಲ್ಲಿ ಒಬ್ಬರು ಬಿಳಿ ನಾಲ್ಕರಲ್ಲಿ ಹಾಡುತ್ತಾರೆ, ಇನ್ನೊಬ್ಬರು ಕಪ್ಪು ಎರಡರಲ್ಲಿ, ತಮ್ಮ ಕಂಠಕ್ಕೆ ಹೊಂದಿದಲ್ಲಿ ತಂಬೂರಿಯನ್ನು ಶ್ರುತಿ ಮಾಡಿಕೊಳ್ಳುತ್ತಾರೆ. ಆ ಅಂಕೆಯ ಬಗ್ಗೆ ತಲೆಕೆಡಿಸಿಕೊಳ್ಳಬೇಕಾದ ಕಾರಣ ನಿಮಗಿಲ್ಲ.

ಪ್ರಶ್ನೆ: ತಂದೆಗೆ ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಬಲಗಾಲು ಸೋತಿವೆ. ನಾವು ಹೇಳಿದ್ದು ಅರ್ಥವಾಗುತ್ತದೆ, ಆದರೆ ‘ನೀರು’ ಎನ್ನಲೂ ಬಾಯಿ ಬರುವುದಿಲ್ಲ. ಮೊನ್ನೆ ಮನೆಯಲ್ಲಿ ಭಜನೆ ನಡೆಯುವಾಗ ಒಂದು ದೇವರನಾಮವನ್ನು ಪಲ್ಲವಿಯಿಂದ ಕೊನೆಯವರೆಗೆ ಪದ ಬಿಡದೆ ಹಾಡಿದರು. ನಾವೆಲ್ಲ ಅತ್ತುಬಿಟ್ಟೆವು. ಹಾಡಿನಿಂದ ಮಾತು ಮರಳಿ ಬರಬಹುದೇ?
— ಧಾರವಾಡದಿಂದ ಒಬ್ಬ ಮಗ

ಉತ್ತರ: ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ನೀವು ಕಂಡದ್ದು ವೈದ್ಯಕೀಯದಲ್ಲಿ ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ. ಬಹುಪಾಲು ಜನರಲ್ಲಿ ಮಾತನ್ನು ಕಟ್ಟುವ ಭಾಗಗಳು ಮಿದುಳಿನ ಎಡಗೋಳಾರ್ಧದಲ್ಲಿವೆ. ಅಲ್ಲಿಗೆ ರಕ್ತ ನಿಂತರೆ ಬಲಭಾಗದ ಕೈಕಾಲುಗಳ ಜೊತೆಗೆ ಮಾತೂ ಹೋಗುತ್ತದೆ. ಹಾಡುವುದಕ್ಕೆ ಎರಡೂ ಗೋಳಾರ್ಧಗಳು ಕೈಜೋಡಿಸುತ್ತವೆ. ಅದರ ಮೇಲೆ, ಸಾವಿರ ಸಲ ಹಾಡಿದ ದೇವರನಾಮದಲ್ಲಿ ಒಂದು ಪದ ಮುಂದಿನ ಪದವನ್ನು ತಾನಾಗಿಯೇ ಎಳೆದು ತರುತ್ತದೆ. ‘ನೀರು’ ಎನ್ನುವಾಗ ಆ ಪದವನ್ನು ಹೊಸದಾಗಿ ಹುಡುಕಿ ತರಬೇಕು, ಅಡಚಣೆಯಿರುವುದು ಅಲ್ಲಿಯೇ. ಆದ್ದರಿಂದ ಭಜನೆ ಹಾಡಿದರೆಂಬ ಮಾತ್ರಕ್ಕೆ ಮಾತು ಮರಳಿತೆಂದು ತಿಳಿಯಬಾರದು. ಹಳೆಯ ಹಾಡುಗಳನ್ನು ಎಷ್ಟು ಹಾಡಿಸಿದರೂ ಅದಷ್ಟರಿಂದಲೇ ಹೊಸ ಮಾತು ಹುಟ್ಟುವುದಿಲ್ಲ. ಆದರೆ ಆ ದಾರಿ ತೆರೆದಿದೆ ಎಂಬುದನ್ನು ಅವರು ತೋರಿಸಿದ್ದಾರೆ, ಅದನ್ನು ಬಳಸಿಕೊಳ್ಳುವ ಚಿಕಿತ್ಸಾಕ್ರಮವೂ ಇದೆ.

1973ರಲ್ಲಿ ಬಾಸ್ಟನ್‌ನ ವೈದ್ಯರು ಮತ್ತು ವಾಕ್ ಚಿಕಿತ್ಸಕರು ರೂಪಿಸಿದ ಈ ಕ್ರಮಕ್ಕೆ ‘ಮೆಲೋಡಿಕ್ ಇಂಟೊನೇಷನ್ ಥೆರಪಿ’ ಎಂದು ಹೆಸರು. ಇದರಲ್ಲಿ ಬಳಸುವುದು ಹಾಡನ್ನಲ್ಲ, ದಿನಬಳಕೆಯ ಪುಟ್ಟ ಮಾತನ್ನು. ‘ನೀರು ಬೇಕು’ ಎಂಬುದನ್ನೇ ತೆಗೆದುಕೊಳ್ಳಿ. ಎತ್ತರದ ಒಂದು ಸ್ವರ, ತಗ್ಗಿನ ಒಂದು ಸ್ವರ, ಇವೆರಡೇ ಸಾಕು. ‘ನೀ’ ಮತ್ತು ‘ಬೇ’ ಎತ್ತರದಲ್ಲಿ, ‘ರು’ ಮತ್ತು ‘ಕು’ ತಗ್ಗಿನಲ್ಲಿ. ಒಂದೊಂದು ಅಕ್ಷರಕ್ಕೆ ಒಂದರಂತೆ ರೋಗಿಯ ಎಡಗೈಯನ್ನು ಮೆಲ್ಲಗೆ ಮೇಜಿನ ಮೇಲೆ ತಟ್ಟಿಸಬೇಕು. ಮೊದಲು ಚಿಕಿತ್ಸಕರು ಪದವಿಲ್ಲದೆ ಗುನುಗುತ್ತಾರೆ, ಆಮೇಲೆ ಪದಗಳೊಂದಿಗೆ ಹೇಳುತ್ತಾರೆ, ಬಳಿಕ ಇಬ್ಬರೂ ಕೂಡಿ ಹೇಳುತ್ತಾರೆ, ಅರ್ಧದಲ್ಲಿ ಚಿಕಿತ್ಸಕರು ದನಿ ತಗ್ಗಿಸಿ ರೋಗಿಯೊಬ್ಬರೇ ಮುಗಿಸುವಂತೆ ಬಿಡುತ್ತಾರೆ. ವಾರಗಳು ಕಳೆದಂತೆ ರಾಗದ ಏರಿಳಿತವನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿ ಸಹಜವಾದ ಮಾತಿಗೆ ತರುತ್ತಾರೆ. ಕೇಳಿದ್ದು ಚೆನ್ನಾಗಿ ಅರ್ಥವಾಗುವ, ಆದರೆ ಹೇಳಲಾಗದ ರೋಗಿಗಳಿಗೆ ಇದು ಹೊಂದುತ್ತದೆ. ನಿಮ್ಮ ತಂದೆಯವರ ಸ್ಥಿತಿ ನೀವು ಬರೆದಂತೆ ಅದೇ. 2011ರಲ್ಲಿ ತಲೆಗೆ ಗುಂಡೇಟು ತಗುಲಿ ಮಾತು ಕಳೆದುಕೊಂಡ ಅಮೆರಿಕದ ಜನಪ್ರತಿನಿಧಿ ಗೇಬ್ರಿಯೆಲ್ ಗಿಫರ್ಡ್ಸ್ ಅವರ ಚೇತರಿಕೆಯಲ್ಲಿಯೂ ಸಂಗೀತ ಚಿಕಿತ್ಸೆಗೆ ದೊಡ್ಡ ಪಾಲಿತ್ತು.

ಇದನ್ನು ಮನೆಯವರೇ ಆರಂಭಿಸುವುದಕ್ಕಿಂತ ವಾಕ್ ಚಿಕಿತ್ಸಕರ ಬಳಿ ಮೊದಲು ಪರೀಕ್ಷೆ ಮಾಡಿಸಿ, ಅವರಿಂದ ಕಲಿತು ಮನೆಯಲ್ಲಿ ಮುಂದುವರಿಸುವುದು ಸರಿ. ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇಂಥ ತೊಂದರೆಗಳಿಗೆಂದೇ ಇರುವ ಸಂಸ್ಥೆ. ದೂರವೆನಿಸಿದರೆ ನಿಮ್ಮ ಹತ್ತಿರದ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ನಾಲ್ಕು ತಿಂಗಳು ತಡವೇನಲ್ಲ, ಆದರೆ ಇನ್ನು ತಡಮಾಡಬೇಡಿ. ಈ ನಡುವೆ ಅವರಿಗೆ ಮೆಚ್ಚಿನ ಸಂಗೀತವನ್ನು ದಿನವೂ ಕೇಳಿಸಿ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಪಾರ್ಶ್ವವಾಯುವಾದ 60 ರೋಗಿಗಳ ಮೇಲೆ ನಡೆದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ತಿಂಗಳು ಪ್ರತಿದಿನ ತಮ್ಮಿಷ್ಟದ ಸಂಗೀತವನ್ನು ಕೇಳಿದವರ ಪದಸ್ಮರಣೆ ಮತ್ತು ಏಕಾಗ್ರತೆ ಉಳಿದವರಿಗಿಂತ ಹೆಚ್ಚು ಸುಧಾರಿಸಿದ್ದವು, ಖಿನ್ನತೆಯೂ ಕಡಿಮೆಯಿತ್ತು.

ಒಂದು ವಿನಂತಿ. ಬಂದು ಹೋಗುವ ನೆಂಟರ ಎದುರು ‘ಅಪ್ಪ, ಆ ಹಾಡು ಹೇಳಿ’ ಎಂದು ಅವರನ್ನು ಒತ್ತಾಯಿಸಬೇಡಿ. ಮಾತು ಬಾರದ ಮನುಷ್ಯನಿಗೆ ತಾನು ನೋಟದ ವಸ್ತುವಾದೆ ಎನ್ನಿಸಬಾರದು.

ಪ್ರಶ್ನೆ: ಪಾರ್ಕಿನ್ಸನ್ ಕಾಯಿಲೆಯಿರುವ ನಮ್ಮ ಯಜಮಾನರು ನಡೆಯುತ್ತ ನಡೆಯುತ್ತ ನೆಲಕ್ಕೆ ಅಂಟಿದವರಂತೆ ನಿಂತುಬಿಡುತ್ತಾರೆ. ತಾಳ ಹಾಕಿದರೆ ಹೆಜ್ಜೆ ಬರುತ್ತದೆಂದು ಯಾರೋ ಹೇಳಿದರು.
— ಗೃಹಿಣಿ, ಹಾಸನ

ಉತ್ತರ: ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ಈ ಕಾಯಿಲೆಯಲ್ಲಿ ಚಲನೆಗೆ ಒಳಗಿನಿಂದ ಕಾಲಪ್ರಮಾಣ ಕೊಡುವ ವ್ಯವಸ್ಥೆ ಸೋಲುತ್ತದೆ. ಹೊರಗಿನಿಂದ ಸಮನಾದ ತಾಳ ಕೇಳಿಸಿದರೆ ಮಿದುಳು ಅದಕ್ಕೆ ಹೆಜ್ಜೆಯನ್ನು ಕಟ್ಟಿಕೊಳ್ಳುತ್ತದೆ. ಮೈಕೆಲ್ ಥೌಟ್ ಎಂಬ ಸಂಶೋಧಕರು ಮತ್ತು ಅವರ ಸಂಗಡಿಗರು 1990ರ ದಶಕದಿಂದ ಇದನ್ನು ಅಧ್ಯಯನ ಮಾಡಿ ನಡಿಗೆಯ ವೇಗ ಮತ್ತು ಹೆಜ್ಜೆಯ ಉದ್ದ ಸುಧಾರಿಸುವುದನ್ನು ತೋರಿಸಿದ್ದಾರೆ. ನಿಮ್ಮ ಯಜಮಾನರು ಈಗ ನಿಮಿಷಕ್ಕೆ ಎಷ್ಟು ಹೆಜ್ಜೆ ಹಾಕುತ್ತಾರೆಂದು ಮೊದಲು ಎಣಿಸಿ, ಅದೇ ವೇಗಕ್ಕೆ ಮೊಬೈಲಿನಲ್ಲಿ ಸಮನಾಗಿ ತಾಳ ಹಾಕುವ ಮೆಟ್ರೊನೋಮ್ ಇಡಿ ಅಥವಾ ಆ ನಡೆಯ ಹಾಡನ್ನು ಆರಿಸಿ. ಹೊಂದಿಕೊಂಡ ಮೇಲೆ ಸ್ವಲ್ಪವೇ ಹೆಚ್ಚಿಸಬಹುದು, ಅದೂ ಫಿಸಿಯೋಥೆರಪಿಸ್ಟ್ ಹೇಳಿದಂತೆ. ಬೀಳುವ ಭಯವಿರುವುದರಿಂದ ಪಕ್ಕದಲ್ಲಿ ಒಬ್ಬರು ಇರಲೇಬೇಕು, ಇಯರ್‌ಫೋನ್ ಹಾಕಿಕೊಂಡು ರಸ್ತೆಯಲ್ಲಿ ನಡೆಯುವುದಂತೂ ಬೇಡ.

ಪ್ರಶ್ನೆ: ಐದು ವರ್ಷದ ಮಗಳಿಗೆ ಪದೇ ಪದೇ ರಕ್ತಪರೀಕ್ಷೆ ಮಾಡಿಸಬೇಕಾಗಿದೆ. ಸೂಜಿ ಕಂಡೊಡನೆ ಕಿರುಚುತ್ತಾಳೆ. ಹಾಡು ನೆರವಾದೀತೇ?
— ತಂದೆ, ಬಳ್ಳಾರಿ

ಉತ್ತರ: ಆದೀತು. ಕೆನಡಾದಲ್ಲಿ 3ರಿಂದ 11 ವರ್ಷದ 42 ಮಕ್ಕಳಿಗೆ ರಕ್ತನಾಳಕ್ಕೆ ಸೂಜಿ ಚುಚ್ಚುವಾಗ ಸಂಗೀತ ಕೇಳಿಸಿ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಸಂಗೀತ ಕೇಳಿದ ಮಕ್ಕಳಲ್ಲಿ ನೋವು ಕಡಿಮೆಯಿತ್ತು, ಸೂಜಿ ಚುಚ್ಚುವುದು ಸುಲಭವಾಯಿತೆಂದು ಆಸ್ಪತ್ರೆಯ ಸಿಬ್ಬಂದಿಯೂ ಹೇಳಿದ್ದರು. ನಿಮ್ಮ ಮಗಳು ಇನ್ನೂ ಚಿಕ್ಕವಳಾದ್ದರಿಂದ ಮೊಬೈಲಿನ ಹಾಡಿಗಿಂತ ನಿಮ್ಮ ಬಾಯಿಂದ ಬರುವ, ಚಪ್ಪಾಳೆ ತಟ್ಟಿ ಹೇಳುವ ಪದ್ಯ ಹೆಚ್ಚು ಒಳ್ಳೆಯದು. ತೊಡೆಯ ಮೇಲೆ ಕೂರಿಸಿಕೊಂಡು, ಸೂಜಿ ಹೊರಬರುವ ಮೊದಲೇ ಹಾಡು ಆರಂಭಿಸಿ, ಒಂದು ಸಾಲನ್ನು ನೀವು ಹೇಳಿ ಮುಂದಿನದನ್ನು ಅವಳಿಗೆ ಬಿಡಿ. ‘ನೋವೇ ಆಗುವುದಿಲ್ಲ’ ಎಂದು ಮಾತ್ರ ಸುಳ್ಳು ಹೇಳಬೇಡಿ, ಮುಂದಿನ ಸಲ ಅವಳು ಹಾಡನ್ನೂ ನಂಬುವುದಿಲ್ಲ.

ಪ್ರಶ್ನೆ: ಹತ್ತು ವರ್ಷಗಳಿಂದ ಮೈಗ್ರೇನ್ ಇದೆ. ನಮ್ಮೂರಿಗೆ ಬಂದ ಒಬ್ಬರು 21 ದಿನಗಳ ಸಂಗೀತ ಚಿಕಿತ್ಸೆ ಮಾಡಿಸಿದರೆ ಮಾತ್ರೆಗಳನ್ನು ಪೂರ್ತಿ ಬಿಡಬಹುದೆಂದು ಹೇಳಿ ಮುಂಗಡ ಹಣ ಕೇಳುತ್ತಿದ್ದಾರೆ. ಸೇರಬಹುದೇ?
— ಬ್ಯಾಂಕ್ ಉದ್ಯೋಗಿ, ಉಡುಪಿ

ಉತ್ತರ: ಮಾತ್ರೆ ಬಿಡಿಸುತ್ತೇನೆಂದು ಮೊದಲ ಭೇಟಿಯಲ್ಲೇ ಹೇಳುವವರ ಬಳಿ ಹೋಗಬೇಡಿ. ಸಂಗೀತವನ್ನು ಕೇಳುವುದು ಬೇರೆ, ಸಂಗೀತ ಚಿಕಿತ್ಸೆ ಬೇರೆ. ಚಿಕಿತ್ಸೆಯೆಂದರೆ ತರಬೇತಿ ಪಡೆದ ಒಬ್ಬರು ರೋಗಿಯ ಸ್ಥಿತಿಯನ್ನು ಅಳೆದು, ಗುರಿಯೊಂದನ್ನು ಬರೆದಿಟ್ಟುಕೊಂಡು, ಹಾಡಿಸಿ, ನುಡಿಸಿ, ಕೇಳಿಸಿ, ಮತ್ತೆ ಅಳೆದು ನೋಡುವ ಕೆಲಸ. ಎರಡನೆಯ ಮಹಾಯುದ್ಧದ ಗಾಯಾಳು ಸೈನಿಕರ ಆಸ್ಪತ್ರೆಗಳಲ್ಲಿ ಸಂಗೀತಗಾರರು ಹಾಡಿ ನುಡಿಸಿದಾಗ ಅವರಿಗೂ ಕಲಿಕೆ ಬೇಕೆಂಬುದು ಮನವರಿಕೆಯಾಗಿ, 1944ರಲ್ಲಿ ಅಮೆರಿಕದ ಮಿಚಿಗನ್‌ನಲ್ಲಿ ಮೊದಲ ಪದವಿ ಶಿಕ್ಷಣ ಆರಂಭವಾಯಿತು. ಆದ್ದರಿಂದ ಎಲ್ಲಿ ಕಲಿತಿರಿ, ಎಷ್ಟು ಕಾಲ ರೋಗಿಗಳೊಡನೆ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದಿರಿ, ನನ್ನ ವೈದ್ಯರೊಡನೆ ಮಾತನಾಡಲು ಸಿದ್ಧರಿದ್ದೀರಾ ಎಂದು ಕೇಳುವ ಹಕ್ಕು ನಿಮಗಿದೆ. ಉತ್ತರದಲ್ಲಿ ಕಿರಿಕಿರಿ ಕಂಡರೆ ಅದೇ ಉತ್ತರ.

ಮೈಗ್ರೇನಿನದು ಇನ್ನೊಂದು ಕಷ್ಟ. ನೋವು ಏರಿದಾಗ ಬೆಳಕಿನ ಹಾಗೆಯೇ ಸದ್ದನ್ನೂ ತಾಳಲಾಗುವುದಿಲ್ಲ, ಆಗ ಎಂಥ ಒಳ್ಳೆಯ ಸಂಗೀತವೂ ಹಿಂಸೆ. ಆ ಹೊತ್ತಿಗೆ ಕತ್ತಲ ಕೋಣೆ, ಮೌನ ಮತ್ತು ವೈದ್ಯರು ಕೊಟ್ಟ ಮಾತ್ರೆಯೇ ಸರಿ. ನೋವಿಲ್ಲದ ದಿನಗಳಲ್ಲಿ ಸಂಜೆ ಅರ್ಧ ಗಂಟೆ ನಿಧಾನಲಯದ ಸಂಗೀತದೊಡನೆ ಉಸಿರಾಟವನ್ನು ಸಡಿಲಿಸುವ ಅಭ್ಯಾಸ ಮಾಡಿಕೊಂಡರೆ ಉದ್ವೇಗ ಕಡಿಮೆಯಾಗಿ, ನಿದ್ರೆ ಸರಿಹೋಗಿ, ಆ ದಾರಿಯಿಂದ ಪ್ರಯೋಜನವಾಗಬಹುದು. ದನಿ ತಗ್ಗಿರಲಿ. ವಯಸ್ಕರು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದಾದ ಮಟ್ಟವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು 80 ಡೆಸಿಬಲ್. ಅದನ್ನು ಮೀರಿದಂತೆ ಕೇಳುವ ಹೊತ್ತನ್ನು ತೀರಾ ಮೊಟಕುಗೊಳಿಸಬೇಕು. ಎಂದೂ ಇಲ್ಲದಷ್ಟು ತೀವ್ರವಾದ ತಲೆನೋವು ಹಠಾತ್ತನೆ ಬಂದರೆ, ಜೊತೆಗೆ ಮಾತು ತೊದಲಿದರೆ ಅಥವಾ ಕೈಕಾಲು ಸೋತರೆ ನೇರವಾಗಿ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಮ್ಮ ಅತ್ತೆಗೆ ಕ್ಯಾನ್ಸರ್ ಕೊನೆಯ ಹಂತದಲ್ಲಿದೆ, ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದೇವೆ. ಪುಣ್ಯ ಬರಲೆಂದು ಮನೆಯವರು ಬೆಳಗಿನಿಂದ ರಾತ್ರಿಯವರೆಗೆ ಭಕ್ತಿಗೀತೆಗಳನ್ನು ಹಾಕಿರುತ್ತಾರೆ. ಅತ್ತೆ ಮುಖ ತಿರುಗಿಸಿಕೊಂಡು ಮಲಗುತ್ತಾರೆ. ಮಾರ್ಫಿನ್ ಕೊಟ್ಟರೆ ಚಟವಾಗುತ್ತದೆಂದು ಅದನ್ನು ಕೊಡುತ್ತಿಲ್ಲ. ನಾನೇನು ಮಾಡಲಿ?
— ಸೊಸೆ, ಮಂಡ್ಯ ಜಿಲ್ಲೆ

ಉತ್ತರ: ಮೊದಲು ಮಾರ್ಫಿನ್. ಕ್ಯಾನ್ಸರ್‌ನ ತೀವ್ರ ನೋವಿಗೆ ವೈದ್ಯರು ಅಳತೆಯಿಂದ ಕೊಡುವ ಮಾರ್ಫಿನ್ ಸರಿಯಾದ ಔಷಧ. ನೋವಿರುವವರಿಗೆ ಅದು ಸುಲಭವಾಗಿ ಸಿಗಲೆಂದೇ 2014ರಲ್ಲಿ ಮಾದಕವಸ್ತು ಕಾಯಿದೆಗೆ ತಿದ್ದುಪಡಿ ಮಾಡಲಾಯಿತು. ಚಟದ ಭಯದಿಂದ ಸಾಯುವವರನ್ನು ನರಳಲು ಬಿಡುವುದು ತಪ್ಪೆಂದು ಮನೆಯ ಹಿರಿಯರಿಗೆ ವೈದ್ಯರ ಬಾಯಿಂದಲೇ ಹೇಳಿಸಿ. ಉಪಶಮನ ಚಿಕಿತ್ಸೆಯ, ಅಂದರೆ ರೋಗಿಯ ನೋವು ಸಂಕಟಗಳನ್ನು ತಗ್ಗಿಸುವ ಆರೈಕೆಯ, ತಂಡವೊಂದನ್ನು ಕೂಡಲೇ ಸಂಪರ್ಕಿಸಿ. ಸಂಗೀತ ಔಷಧದ ಜಾಗವನ್ನು ತುಂಬಲಾರದು.

ಅದರ ಜೊತೆಗೆ ಸಂಗೀತಕ್ಕೆ ತನ್ನದೇ ಕೆಲಸವಿದೆ. ಕ್ಯಾನ್ಸರ್ ರೋಗಿಗಳ ಕುರಿತ 81 ಪ್ರಯೋಗಗಳನ್ನು, 5,500ಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡು 2021ರಲ್ಲಿ ಹೊರಬಂದ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯ ಸಮೀಕ್ಷೆಯು ವಯಸ್ಕರಲ್ಲಿ ಆತಂಕ, ನೋವು ಮತ್ತು ಆಯಾಸಗಳ ಮೇಲೆ ಸಂಗೀತದ ಒಳ್ಳೆಯ ಪರಿಣಾಮವಿರಬಹುದೆಂದು ಹೇಳಿದೆ. ಆದರೆ ಇಡೀ ದಿನ ಕಿವಿಯ ಮೇಲೆ ಬೀಳುವ ಧ್ವನಿಸುರುಳಿ ಆ ಸಂಗೀತವಲ್ಲ. ನಿಮ್ಮ ಅತ್ತೆ ಮುಖ ತಿರುಗಿಸಿ ಹೇಳುತ್ತಿರುವುದು ಅದನ್ನೇ. ಮೊದಲು ಅದನ್ನು ನಿಲ್ಲಿಸಿ, ಒಂದೆರಡು ದಿನ ಮನೆಯನ್ನು ಸುಮ್ಮನಿರಲು ಬಿಡಿ. ಆಮೇಲೆ ಅವರ ಪಕ್ಕ ಕುಳಿತು ಮೊದಲು ಏನು ಹಾಡುತ್ತಿದ್ದಿರಿ ಎಂದು ಕೇಳಿ. ಆ ವಯಸ್ಸಿನ ನಿಮ್ಮ ಸೀಮೆಯ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ರಾಗಿ ಬೀಸುವ ಪದ, ನಾಟಿಯ ಪದ, ಸೋಬಾನೆ ಪದ ಬಾಯಲ್ಲೇ ಇರುತ್ತವೆ. ಬೀಸುಕಲ್ಲಿನ ಮುಂದೆ ರಟ್ಟೆಯ ನೋವನ್ನು ಪದದ ಮೇಲೆ ಹೊರಿಸಿ ಬೆಳಗಿನ ಜಾವ ಕಳೆದವರು ಅವರು. ನೋವಿಗೆ ಹಾಡು ಹೇಗೆ ಒದಗುತ್ತದೆಂಬುದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಬಲ್ಲವರು. ಒಂದು ಸಾಲನ್ನು ಹೇಳಿಕೊಡಿ ಎಂದು ಕೇಳಿ. ಹೇಳಲು ತ್ರಾಣವಿಲ್ಲದಿದ್ದರೆ ನಿಮಗೆ ಬಂದಷ್ಟನ್ನು ನೀವು ಮೆಲ್ಲಗೆ ಹಾಡಿ, ಕಂಠ ಹೇಗಿದೆ ಎಂಬ ಸಂಕೋಚ ಬೇಡ. ಅವರ ಉಸಿರಿನ ವೇಗವನ್ನು ಗಮನಿಸಿ, ಅದಕ್ಕೆ ಹೊಂದಿಸಿ ಆರಂಭಿಸಿ, ನಿಧಾನವಾಗಿ ಲಯವನ್ನು ಇಳಿಸುತ್ತ ಬನ್ನಿ. ಹತ್ತು ಹದಿನೈದು ನಿಮಿಷ ಸಾಕು.

ಕೆಲವು ಹಾಡುಗಳು ತೀರಿಕೊಂಡವರನ್ನು ನೆನಪಿಗೆ ತಂದು ಸಂಕಟ ಹೆಚ್ಚಿಸುವುದೂ ಉಂಟು. ಅದಕ್ಕಾಗಿ ಒಂದು ಸನ್ನೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಅವರ ಕೈ ನಿಮ್ಮ ಕೈಯಲ್ಲಿರಲಿ. ಬೇಡವೆನಿಸಿದಾಗ ಬೆರಳು ಎತ್ತಿದರೆ ಸಾಕು ಎಂದು ಹೇಳಿಡಿ. ಬೆರಳು ಎದ್ದಾಗ ಚರಣದ ನಡುವೆಯೇ ಆದರೂ ನಿಲ್ಲಿಸಿ, ಕೈಯನ್ನು ಮಾತ್ರ ಬಿಡಬೇಡಿ.